‘ನಾನ್ಯಾರು ಹೇಳಿ ನೋಡೋಣ?’ ಅಂತ ಕೇಳಬೇಡಿ

(ಮೈಸೂರಿನಲ್ಲಿ ಹಿರಿಯ ನಾಗರಿಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ‘ಮರೆವಿನ ಕಾಯಿಲೆ: ಕಾರಣ ಮತ್ತು ಪರಿಹಾರ’. ಆಹ್ವಾನ ಪತ್ರಿಕೆಯಲ್ಲೂ ಹಾಗೇ ಅಚ್ಚಾಗಿದೆ. ಆದರೆ ನಾನು ಡಾಕ್ಟರಲ್ಲ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ರಿಟೈರ್ ಆದವನು. ಕಾರಣ ಹೇಳೋಕೆ ನನಗಿಂತ ಬಲ್ಲವರಿದ್ದಾರೆ. ಪರಿಹಾರ ಇನ್ನೂ ಯಾರ ಕೈಗೂ ಪೂರ್ತಿ ಸಿಕ್ಕಿಲ್ಲ. ಹಾಗಾಗಿ ವಿಷಯವನ್ನು ಸ್ವಲ್ಪ ಬದಲಾಯಿಸಿಕೊಳ್ಳುತ್ತೇನೆ. ಮರೆವು ಬಂದಿರುವ ವಯಸ್ಸಾದ ಗೆಳೆಯರ ಜೊತೆ ಒಂದು ಇಡೀ ದಿನ ಕಳೆಯೋದು ಹೇಗೆ, ಅಷ್ಟೇ ಇವತ್ತಿನ ಮಾತು.

ಇದನ್ನೇ ಆರಿಸಿಕೊಳ್ಳೋಕೆ ಕಾರಣ ಇದೆ. ಈ ಕಾಯಿಲೆ ಬಂದವರ ಮನೆಗೆ ಹೋಗೋದನ್ನು ಮೊದಲು ನಿಲ್ಲಿಸುವವರು ನಾವು, ಸ್ನೇಹಿತರು. ಹೆಂಡತಿ ಮಕ್ಕಳು ಬಿಟ್ಟು ಹೋಗೋಕಾಗಲ್ಲ. ನೆಂಟರು ಮದುವೆ, ಮುಂಜಿ, ಗೃಹಪ್ರವೇಶ ಅಂತ ಕರೆಯೋಕಾದರೂ ಬರುತ್ತಾರೆ. ಸ್ನೇಹಿತರಿಗೆ ಮಾತ್ರ ಯಾವ ಕಟ್ಟುಪಾಡೂ ಇಲ್ಲ. ‘ಹೋದರೆ ಗುರುತೇ ಹಿಡಿಯಲ್ಲ ಮಾರಾಯ, ನೋಡೋಕೆ ಹಿಂಸೆ ಆಗುತ್ತೆ’ ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ದೂರ ಉಳಿದುಬಿಡುತ್ತೇವೆ. ಮೊದಲು ವಾಕಿಂಗ್ ಜೊತೆಗಾರರು, ಆಮೇಲೆ ಇಸ್ಪೀಟಿನವರು. ಕೊನೆಗೆ ಫೋನೂ ನಿಲ್ಲುತ್ತದೆ.

ನಾನು ಹೇಳಹೊರಟಿರುವ ಸ್ನೇಹಿತರಿಗೆ ಎಂಬತ್ತು ದಾಟಿದೆ. ಹೆಸರು ಬೇಡ. ನಾವಿಬ್ಬರೂ ಒಂದೇ ವಠಾರದಲ್ಲಿದ್ದಾಗ ಎಲ್ಲರೂ ಅವರನ್ನು ‘ಸಾರ್ಟರ್ ಅಣ್ಣ’ ಅನ್ನುತ್ತಿದ್ದರು, ನಾನು ಈಗಲೂ ಹಾಗೇ ಅನ್ನುತ್ತೇನೆ. ಅವರ ವಿಷಯ ಇಲ್ಲಿ ಮಾತಾಡಬಹುದಾ ಅಂತ ಅತ್ತಿಗೆಯವರನ್ನು ಕೇಳಿದೆ. ‘ಮಾತಾಡಿ, ಜನಕ್ಕೆ ಗೊತ್ತಾಗಲಿ. ಆದರೆ ಪಾಪ ಪಾಪ ಅಂತ ಹೇಳಬೇಡಿ’ ಅಂದರು.

ಸಾರ್ಟರ್ ಅಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಅಣ್ಣ ಇದ್ದದ್ದು ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಮೇಲ್ ಸರ್ವಿಸ್. ಆಗೆಲ್ಲ ರಾತ್ರಿ ರೈಲಿಗೆ ಒಂದು ಟಪಾಲು ಬೋಗಿ ಇರುತ್ತಿತ್ತು. ಒಳಗೆ ಗೋಡೆಯುದ್ದಕ್ಕೂ ಸಣ್ಣ ಸಣ್ಣ ಖಾನೆಗಳು. ಗಾಡಿ ಓಡುತ್ತಿರುವಾಗಲೇ ಇವರು ನಿಂತುಕೊಂಡು ಕಾಗದಗಳನ್ನು ಊರಿನ ಪ್ರಕಾರ ಖಾನೆಗೆ ಹಾಕಬೇಕು, ಕಟ್ಟು ಕಟ್ಟಬೇಕು, ಚೀಲಕ್ಕೆ ತುಂಬಿ ಅರಗಿನ ಮುದ್ರೆ ಒತ್ತಬೇಕು. ಅಷ್ಟರಲ್ಲಿ ಸ್ಟೇಷನ್ ಬಂದಿರುತ್ತದೆ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅಣ್ಣ ಅದಕ್ಕೂ ಮುಂಚೆ ಕೆಲಸಕ್ಕೆ ಸೇರಿದವರು. ಯಾವ ಹಳ್ಳಿಯ ಕಾಗದ ಯಾವ ಊರಿನ ಮೇಲೆ ಹೋಗಬೇಕು ಅನ್ನೋದನ್ನು ಬಾಯಿಪಾಠ ಮಾಡಿಕೊಂಡಿದ್ದವರು. ಪಿನ್ ಬಂದ ಮೇಲೆ ಅದನ್ನೂ ಬಾಯಿಪಾಠ ಮಾಡಿದರು. ಕೇಳಿದ ಊರಿಗೆ ನಂಬರ್ ಹೇಳುತ್ತಿದ್ದರು. ವಠಾರದ ಹುಡುಗರಿಗೆ ಅದೊಂದು ಆಟ.

ಇಂಥವರಿಗೆ ಈಗ ತಿಂಡಿ ತಿಂದೆನೋ ಇಲ್ಲವೋ ಅನ್ನೋದು ನೆನಪಿರುವುದಿಲ್ಲ.

ಕಾಯಿಲೆ ಬಗ್ಗೆ ಒಂದೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಮರೆವೆಲ್ಲ ಅಲ್ಝೈಮರ್ ಅಲ್ಲ. ಬಿ12 ವಿಟಮಿನ್ ಕಡಿಮೆಯಾದರೂ ಮರೆವು ಬರುತ್ತದೆ, ನಮ್ಮಲ್ಲಿ ಸಸ್ಯಾಹಾರಿಗಳು ಇದನ್ನು ಗಮನಿಸಬೇಕು. ಥೈರಾಯ್ಡ್ ಕಡಿಮೆಯಾದರೆ ಬರುತ್ತದೆ. ಖಿನ್ನತೆಯಿಂದ ಬರುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ವಾರಗಳ ಮೇಲೆ ಒಳಗೆ ರಕ್ತ ಹೆಪ್ಪುಗಟ್ಟಿದ್ದರೂ ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಆದ್ದರಿಂದ ‘ವಯಸ್ಸಾಯ್ತು, ಅರಳುಮರಳು’ ಅಂತ ಕೈಚೆಲ್ಲಿ ಕೂರದೆ ಮೊದಲು ತೋರಿಸಿ. ಅಣ್ಣನಿಗೂ ಈ ಪರೀಕ್ಷೆಗಳೆಲ್ಲ ಆದವು. ಅವರದು ಅಲ್ಝೈಮರ್ ಅಂತಲೇ ಗೊತ್ತಾಯಿತು. 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ ಡಿಮೆನ್ಶಿಯಾ, ಅಂದರೆ ಅಲ್ಝೈಮರ್ ಮತ್ತು ಅದರಂಥ ಮರೆವಿನ ಕಾಯಿಲೆ ಇದೆ, ಸುಮಾರು 88 ಲಕ್ಷ ಜನ. ಈ ಹಾಲ್‌ನಲ್ಲಿ ಕೂತಿರುವವರ ಲೆಕ್ಕ ಹಾಕೋಕೆ ಹೋಗಬೇಡಿ. ಸುಮ್ನೆ ರಾತ್ರಿ ನಿದ್ದೆ ಕೆಡುತ್ತದೆ.

ಈಗ ದಿನಕ್ಕೆ ಬರೋಣ.

ಅತ್ತಿಗೆ ಹೊರಡುವುದಕ್ಕೆ ಒಂದು ಗಂಟೆ ಮುಂಚೆಯೇ ನಾನು ಅಲ್ಲಿರುತ್ತೇನೆ. ಒಬ್ಬರು ಹೋಗುತ್ತಾ ಇನ್ನೊಬ್ಬರು ಬಂದರೆ ಅಣ್ಣನಿಗೆ ಗಾಬರಿ. ಮೂವರೂ ಕೂತು ತಿಂಡಿ ತಿಂದು, ಮಾತಿನ ನಡುವೆ ಅತ್ತಿಗೆ ‘ಮಂಡ್ಯಕ್ಕೆ ತಂಗಿ ಮನೆಗೆ ಹೋಗಿ ಸಾಯಂಕಾಲ ಬರ್ತೀನಿ’ ಅಂದು ಹೊರಟರೆ ಏನೂ ತೊಂದರೆ ಇಲ್ಲ.

ಬಾಗಿಲಲ್ಲೇ ನನ್ನ ಪರಿಚಯ ಹೇಳಿಬಿಡುತ್ತೇನೆ. ‘ಅಣ್ಣಾ, ನಾನು, ಬ್ಯಾಂಕಿನವನು. ವಠಾರದಲ್ಲಿ ಹಿಂದಿನ ಮನೆ. ಉಪ್ಪಿಟ್ಟಿಗೆ ಬಂದೆ.’ ಅವರು ‘ಬಾರಯ್ಯ, ಎಲ್ಲಿ ಹಾಳಾಗಿ ಹೋಗಿದ್ದೆ?’ ಅನ್ನುತ್ತಾರೆ. ನಿಜವಾಗಿ ಗುರುತು ಸಿಕ್ಕಿತಾ ಅಂತ ನಾನು ತನಿಖೆ ಮಾಡೋಕೆ ಹೋಗಲ್ಲ. ಉಪ್ಪಿಟ್ಟು ಆರಿಹೋಗುತ್ತದೆ.

ನಮ್ಮ ಜನರಿಗೆ ಒಂದು ಚಟ ಇದೆ. ಒಳಗೆ ಕಾಲಿಟ್ಟ ತಕ್ಷಣ ಎದುರಿಗೆ ನಿಂತು, ನಗುತ್ತಾ, ‘ನಾನ್ಯಾರು ಹೇಳಿ ನೋಡೋಣ?’ ಅನ್ನುವುದು. ಅಣ್ಣನ ನೆಂಟರೊಬ್ಬರು ಹೀಗೇ ಶುರು ಮಾಡಿದರು. ಅಣ್ಣ ಜಾಣರು. ‘ನಿಮ್ಮನ್ನ ಮರೆಯೋಕಾಗುತ್ತಾ! ಕೂತ್ಕೊಳಿ, ಕಾಫಿ ಕುಡೀರಿ’ ಅಂದರು. ಅಲ್ಲಿಗೆ ಬಿಡಬೇಕಿತ್ತು. ಅವರು ಬಿಡಲಿಲ್ಲ. ‘ಹಾಗಾದ್ರೆ ಹೆಸರು ಹೇಳಿ. ಹೋಗಲಿ, ಯಾವ ಊರು? ಹೋಗಲಿ, ಇವತ್ತು ಯಾವ ವಾರ?’ ಅಣ್ಣ ಅತ್ತಿಗೆಯ ಮುಖ ನೋಡಿದರು, ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು. ನೆಂಟರು ಹೋದ ಮೇಲೂ ಮಧ್ಯಾಹ್ನ ಪೂರ್ತಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಪರೀಕ್ಷೆ ಮಾಡುವುದು ಡಾಕ್ಟರ ಕೆಲಸ. ಈ ಕಾಯಿಲೆಗೆ ಯಾರ ಹೆಸರಿದೆಯೋ ಆ ಜರ್ಮನ್ ಡಾಕ್ಟರ್ ಅಲೋಯ್ಸ್ ಅಲ್ಝೈಮರ್ ಕೂಡ ಅದನ್ನೇ ಮಾಡಿದ್ದು. 1901ರಲ್ಲಿ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ 51 ವರ್ಷದ ಒಬ್ಬ ಹೆಂಗಸು ಬಂದರು. ಆಕೆ ಊಟಕ್ಕೆ ಹೂಕೋಸು, ಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಅಂತ ಕೇಳಿದರು. ಪಾಲಕ್ ಸೊಪ್ಪು ಅಂದರಂತೆ. ಅದನ್ನು ಅವರು ಬರೆದಿಟ್ಟುಕೊಂಡರು. ಆಕೆ ತೀರಿಹೋದ ಮೇಲೆ ಮಿದುಳನ್ನು ಪರೀಕ್ಷಿಸಿ, 1906ರಲ್ಲಿ ಟ್ಯೂಬಿಂಗನ್‌ನ ವೈದ್ಯರ ಸಭೆಯಲ್ಲಿ ಹೇಳಿದರು. ಆ ಪ್ರಶ್ನೆಗಳಿಂದ ಜಗತ್ತಿಗೆ ಉಪಕಾರವಾಯಿತು. ಆದರೆ ನಾನು ನೀವು ಕೇಳುವ ‘ಇವತ್ತು ಯಾವ ವಾರ?’ದಿಂದ ಯಾರಿಗೇನು ಉಪಯೋಗ? ಗೊತ್ತಿಲ್ಲ ಅಂತ ಅವರ ಬಾಯಿಂದಲೇ ಹೊರಡಿಸಿದ್ದು ಬಿಟ್ಟರೆ ನಮಗೆ ಏನೂ ಸಿಗಲ್ಲ.

‘ಹೇಗಿದ್ದರೂ ಐದು ನಿಮಿಷಕ್ಕೆ ಮರೀತಾರಲ್ಲ, ಬೇಜಾರೂ ಮರೆತುಹೋಗುತ್ತೆ’ ಅಂತ ಕೆಲವರು ವಾದಿಸುತ್ತಾರೆ. ಅಲ್ಲೇ ಇರೋದು ವಿಷಯ. ಬೇಜಾರು ಮರೆಯುವುದಿಲ್ಲ. ಆ ನೆಂಟರು ಮತ್ತೊಮ್ಮೆ ಬಂದಾಗ ಅಣ್ಣ ಎದ್ದು ಒಳಗೆ ಹೋದರು. ಯಾಕೆ ಅಂದರೆ ಅವರಿಗೇ ಗೊತ್ತಿಲ್ಲ. ‘ಯಾಕೋ ಆ ಮನುಷ್ಯನ್ನ ಕಂಡ್ರೆ ಆಗಲ್ಲ’ ಅಂದರು.

ಇದನ್ನು ಬಲ್ಲವರು ನೂರು ವರ್ಷದ ಹಿಂದೆಯೇ ಕಂಡಿದ್ದಾರೆ. ಜಿನೀವಾದಲ್ಲಿ ಕ್ಲಾಪರೇಡ್ ಅಂತ ಒಬ್ಬ ವೈದ್ಯರಿದ್ದರು. ಅವರ ಹತ್ತಿರ ಇದ್ದ ಒಬ್ಬ ಹೆಂಗಸಿಗೆ ಹೊಸದು ಯಾವುದೂ ನೆನಪು ನಿಲ್ಲುತ್ತಿರಲಿಲ್ಲ. ದಿನಾ ನೋಡುವ ಡಾಕ್ಟರೇ ಪ್ರತಿಸಲ ಹೊಸಬರು. ಒಂದು ದಿನ ಕ್ಲಾಪರೇಡ್ ಬೆರಳ ಸಂದಿಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಆಕೆಯ ಕೈ ಕುಲುಕಿದರು. ಚುಚ್ಚಿತು. ಸ್ವಲ್ಪ ಹೊತ್ತಿಗೆ ಆಕೆಗೆ ಅದು ಮರೆತೇಹೋಯಿತು. ಆದರೆ ಮುಂದಿನ ಸಲ ಕೈ ಚಾಚಿದಾಗ ಆಕೆ ತನ್ನ ಕೈ ಹಿಂದಕ್ಕೆ ಎಳೆದುಕೊಂಡರು. ಕಾರಣ ಹೇಳೋಕೆ ಬರಲಿಲ್ಲ. 1911ರಲ್ಲಿ ಕ್ಲಾಪರೇಡ್ ಇದನ್ನು ಬರೆದರು. ಇಂಥ ಕೆಲಸವನ್ನು ಈಗ ಯಾವ ಡಾಕ್ಟರಿಗೂ ಮಾಡೋಕೆ ಬಿಡುವುದಿಲ್ಲ, ಬಿಡಲೂಬಾರದು.

ಅಮೆರಿಕದ ಅಯೋವ ವಿಶ್ವವಿದ್ಯಾಲಯದವರು ಇದನ್ನು ಒಳ್ಳೆಯ ರೀತಿಯಲ್ಲಿ ಮಾಡಿ ನೋಡಿದರು, 2014ರಲ್ಲಿ ಪ್ರಕಟವಾಯಿತು. ಅಲ್ಝೈಮರ್ ಇದ್ದವರಿಗೆ ಅಳು ಬರಿಸುವ ಸಿನಿಮಾ ತುಣುಕುಗಳು, ನಗು ಬರಿಸುವ ತುಣುಕುಗಳು ತೋರಿಸಿದರು. ಸ್ವಲ್ಪ ಹೊತ್ತಿಗೆ ಏನು ನೋಡಿದೆವು ಅನ್ನೋದು ಬಹುಪಾಲು ಮರೆತುಹೋಯಿತು. ಬೇಸರವೂ ಖುಷಿಯೂ ಮಾತ್ರ ಉಳಿದಿದ್ದವು. ನೋಡಿದ್ದು ನೆನಪಿಲ್ಲದಿದ್ದರೂ ಮನಸ್ಸು ಭಾರವಾಗಿಯೇ ಇತ್ತು, ಅಥವಾ ಹಗುರಾಗಿಯೇ ಇತ್ತು.

ಯಾಕೆ ಹೀಗೆ? ಮಿದುಳಿನಲ್ಲಿ ಹಿಪೊಕ್ಯಾಂಪಸ್ ಅನ್ನುವ ಭಾಗ ಇದೆ. ಇವತ್ತು ಆದದ್ದನ್ನು ನಾಳೆಗೆ ಉಳಿಸಿಕೊಡುವುದು ಅದರ ಕೆಲಸ. ಅಲ್ಝೈಮರ್‌ನಲ್ಲಿ ಏಟು ಬೀಳುವುದು ಮೊದಮೊದಲೇ ಅದಕ್ಕೆ. ಅಣ್ಣನ ಕೆಲಸದ ಮಾತಿನಲ್ಲೇ ಹೇಳುವುದಾದರೆ, ಹಿಂದೆ ಬಟವಾಡೆ ಆದ ಕಾಗದಗಳೆಲ್ಲ ಮನೆಮನೆಯಲ್ಲಿ ಭದ್ರವಾಗಿವೆ, ಇವತ್ತಿನ ಟಪಾಲು ಮಾತ್ರ ಖಾನೆಗೆ ಬೀಳುತ್ತಿಲ್ಲ. ಹೋಲಿಕೆ ಪೂರ್ತಿ ಸರಿಯಿಲ್ಲ ಅನ್ನೋದೂ ನನಗೆ ಗೊತ್ತು. ಖುಷಿ, ಭಯ, ಅವಮಾನ ಇವೆಲ್ಲ ಬೇರೆ ದಾರಿಯಲ್ಲಿ ಒಳಗೆ ಹೋಗುತ್ತವೆ. ಅವಕ್ಕೆ ಖಾನೆಯೂ ಬೇಡ, ಮುದ್ರೆಯೂ ಬೇಡ.

ಸರಿ, ಉಪ್ಪಿಟ್ಟು ಮುಗಿಯಿತು. ಶುರುವಿನಲ್ಲೇ ನೋಡಿಕೊಳ್ಳಬೇಕಾದ್ದು ಎರಡು: ಕನ್ನಡಕ ಒರೆಸಿದೆಯಾ, ಕಿವಿಯ ಮೆಷಿನ್‌ಗೆ ಬ್ಯಾಟರಿ ಇದೆಯಾ. ಎಷ್ಟೋ ಸಲ ‘ಅರ್ಥವಾಗುತ್ತಿಲ್ಲ’ ಅನ್ನುವುದು ಬರೀ ‘ಕೇಳಿಸುತ್ತಿಲ್ಲ’ ಆಗಿರುತ್ತದೆ.

ಅಣ್ಣನಿಗೆ ಕಾಫಿ ಅಂದರೆ ಪ್ರಾಣ. ಕುಡಿದ ಹತ್ತು ನಿಮಿಷಕ್ಕೆ ‘ಕಾಫಿ ಆಯ್ತಾ?’ ಅನ್ನುತ್ತಾರೆ. ‘ಈಗ ತಾನೇ ಕುಡಿದ್ರಲ್ಲ!’ ಅಂದರೆ ನಂಬುವುದಿಲ್ಲ. ಅವರ ಪ್ರಕಾರ ಕುಡಿದಿಲ್ಲ, ನಾವು ಸುಳ್ಳು ಹೇಳುತ್ತಿದ್ದೇವೆ. ಅತ್ತಿಗೆ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ದೊಡ್ಡ ಲೋಟ ಎತ್ತಿಟ್ಟು, ಪುಟ್ಟ ಲೋಟದಲ್ಲಿ ಎರಡೆರಡು ಗುಟುಕು, ಡಿಕಾಕ್ಷನ್ ಕಡಿಮೆ, ಸಕ್ಕರೆ ಇಲ್ಲ. ಕೇಳಿದಾಗಲೆಲ್ಲ ಸಿಗುತ್ತದೆ. ಜಗಳವೇ ಇಲ್ಲ.

ಆಮೇಲೆ ಹೊರಗೆ ಹೊರಡುತ್ತೇವೆ. ಜೇಬಿನಲ್ಲಿ ಮನೆಯ ಫೋನ್ ನಂಬರ್ ಬರೆದ ಚೀಟಿ ಇರಲೇಬೇಕು. ಅವರ ಮನೆ ಯಾದವಗಿರಿ ಕಡೆ, ಹಾಗಾಗಿ ರೈಲ್ವೆ ಮ್ಯೂಸಿಯಂ ಹತ್ತಿರ. ಕೃಷ್ಣರಾಜಸಾಗರ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರು, 1979ರಲ್ಲಿ ಶುರುವಾದದ್ದು. ಮಹಾರಾಣಿಯವರ ಸಲೂನ್ ಬೋಗಿ ನೋಡೋಕೆ ಜನ ಸಾಲುಗಟ್ಟುತ್ತಾರೆ. ಅಣ್ಣನಿಗೆ ಅದರ ಮೇಲೆ ಏನೂ ಆಸಕ್ತಿ ಇಲ್ಲ. ಅವರು ಬಗ್ಗಿ ಬೋಗಿಯ ಕೊಂಡಿ ನೋಡುತ್ತಾರೆ, ಗಾಲಿ ನೋಡುತ್ತಾರೆ, ಮರದ ಬಾಗಿಲಿನ ಚಿಲಕ ಅಲ್ಲಾಡಿಸುತ್ತಾರೆ. ಒಂದು ಸಲ ನನ್ನ ಕಡೆ ತಿರುಗಿ, ಸ್ವಲ್ಪ ಗಡಿಬಿಡಿಯಿಂದ, ‘ಈ ಗಾಡಿ ಎಷ್ಟೊತ್ತಿಗೆ ಬಿಡೋದು?’ ಅಂತ ಕೇಳಿದರು.

ಇದು ಬಿಡುವ ಗಾಡಿಯಲ್ಲ, ಮ್ಯೂಸಿಯಂ ಅಂತ ಹೇಳಬಹುದು. ಸತ್ಯ ಹೇಳಿದಂತಾಯಿತು, ಅಣ್ಣನ ಮುಖ ಸಣ್ಣದಾಯಿತು. ‘ಹತ್ತೂವರೆಗೆ ಬಿಡುತ್ತೆ’ ಅನ್ನಬಹುದು. ಆಗ ಅವರು ಡ್ಯೂಟಿಗೆ ಹೊರಟುನಿಲ್ಲುತ್ತಾರೆ. ನಾನು ಕೇಳಿದ್ದು ಇಷ್ಟು: ‘ನೀವು ಡ್ಯೂಟಿಗೆ ಹೋಗ್ತಿದ್ದಾಗ ಎಷ್ಟೊತ್ತಿಗೆ ಬಿಡ್ತಿತ್ತು ಅಣ್ಣಾ?’ ಅಲ್ಲಿಂದ ಶುರುವಾಯಿತು ನೋಡಿ. ಬೀರೂರಿನಲ್ಲಿ ನಡುರಾತ್ರಿ ಚಳಿ, ಅರಸೀಕೆರೆಯಲ್ಲಿ ಇಳಿದು ಚಹಾ, ಸೀಲ್ ಒಡೆದಿದ್ದ ಒಂದು ಚೀಲಕ್ಕಾಗಿ ಬರೆಯಬೇಕಾಗಿ ಬಂದ ವಿವರಣೆ, ಮೇಲಧಿಕಾರಿಗೆ ಇವರು ಕೊಟ್ಟ ಉತ್ತರ. ಆ ಉತ್ತರ ಪ್ರತಿಸಲ ಸ್ವಲ್ಪ ಖಾರ ಜಾಸ್ತಿ ಆಗುತ್ತಾ ಬಂದಿದೆ. ಆಗಲಿ ಬಿಡಿ. ನಮ್ಮ ನಿಮ್ಮ ಆಫೀಸಿನ ಕಥೆಗಳೂ ಹಾಗೇ ಅಲ್ವಾ?

ಸುಳ್ಳು ಹೇಳಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ನಾವೆಲ್ಲ ಹರಿಶ್ಚಂದ್ರನ ಕಥೆ ಕೇಳಿ ಬೆಳೆದವರು, ಮನಸ್ಸು ಹಿಂಜರಿಯುತ್ತದೆ. ಅಣ್ಣನ ಒಡಹುಟ್ಟಿದ ಹಿರಿಯರು ತೀರಿಹೋಗಿ ವರ್ಷಗಳಾದವು. ‘ಅಣ್ಣಯ್ಯ ಬಂದ್ನಾ?’ ಅಂತ ಇವರು ಕೇಳುತ್ತಿರುತ್ತಾರೆ. ‘ಅವರು ಹೋಗಿ ಎಷ್ಟು ವರ್ಷ ಆಯ್ತು!’ ಅಂದರೆ ಇವರಿಗೆ ಅದು ಈಗ ಬಂದ ಸಾವಿನ ಸುದ್ದಿ. ದಿನಕ್ಕೆ ಮೂರು ಸಲ ಒಬ್ಬ ಮನುಷ್ಯನಿಗೆ ಸೂತಕ ತರೋಕೆ ನಮಗೇನು ಹಕ್ಕಿದೆ? ಹಾಗಂತ ‘ನಾಳೆ ಬರ್ತಾರೆ’ ಅಂದರೆ ಕಾಯುತ್ತಾ ಕೂರುತ್ತಾರೆ. ‘ಅಣ್ಣಯ್ಯನ ನೆನಪಾಯ್ತಾ? ನಿಮ್ಮನ್ನ ಭುಜದ ಮೇಲೆ ಕೂರಿಸಿಕೊಂಡು ಜಾತ್ರೆಗೆ ಹೋಗ್ತಿದ್ರಂತಲ್ಲ’ ಅಂದರೆ ಸಾಕು. ಇದರಲ್ಲಿ ಸುಳ್ಳೂ ಇಲ್ಲ, ಏಟೂ ಇಲ್ಲ. ಅವರು ಕೇಳಿದ್ದು ಅಣ್ಣಯ್ಯನ ಬಸ್ ಟೈಮ್ ಅಲ್ಲವಲ್ಲ, ಅಣ್ಣಯ್ಯನನ್ನು.

ಮಧ್ಯಾಹ್ನ ಊಟ. ಇಲ್ಲಿ ಅತ್ತಿಗೆಯ ಒಂದು ಜಾಣತನ ಹೇಳಲೇಬೇಕು. ಅಣ್ಣ ಮೊಸರನ್ನವನ್ನು ಹಾಗೇ ಬಿಟ್ಟೇಳುತ್ತಿದ್ದರು. ಹಸಿವಿಲ್ಲ ಅಂತ ಎಲ್ಲರೂ ತಿಳಿದಿದ್ದರು. ಹೊಳೆಯುವ ಸ್ಟೀಲ್ ತಟ್ಟೆ, ಅದರ ಮೇಲೆ ಬಿಳಿ ಅನ್ನ, ಬಿಳಿ ಮೊಸರು. ಈ ಕಾಯಿಲೆಯಲ್ಲಿ ಕಣ್ಣು ಸರಿಯಿದ್ದರೂ ಬಣ್ಣದಿಂದ ಬಣ್ಣ ಬೇರೆ ಮಾಡಿ ನೋಡುವುದು ಕಷ್ಟವಾಗುತ್ತದೆ. ತಟ್ಟೆಯಲ್ಲಿ ಅನ್ನ ಇದೆ ಅನ್ನೋದೇ ಅವರಿಗೆ ಎದ್ದು ಕಾಣುತ್ತಿರಲಿಲ್ಲ. ಯಾವುದೋ ಹಬ್ಬದ ದಿನ ಬಾಳೆಎಲೆ ಹಾಕಿ ಬಡಿಸಿದರು. ಅಣ್ಣ ಎಲೆ ಖಾಲಿ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡರು. ಅವತ್ತಿನಿಂದ ಆ ಮನೆಯಲ್ಲಿ ದಿನಾ ಬಾಳೆಎಲೆ. ವಿದೇಶಗಳಲ್ಲಿ ಇದಕ್ಕೆಂದೇ ಗಾಢ ಬಣ್ಣದ ತಟ್ಟೆಗಳನ್ನು ಮಾರುತ್ತಾರೆ. ನಮಗೆ ದೇವರಾಜ ಮಾರ್ಕೆಟ್ಟಿಗೆ ಹೋದರೆ ಆಯಿತು.

ಊಟ ಆದ ಮೇಲೆ ಸ್ವಲ್ಪ ಮಲಗುತ್ತಾರೆ. ಎದ್ದ ಮೇಲಿನ ಹೊತ್ತು ನನಗೆ ತುಂಬಾ ಇಷ್ಟ. ನಾನು 50 ಪೈಸೆಯ ಪೋಸ್ಟ್ ಕಾರ್ಡುಗಳ ಒಂದು ಕಟ್ಟು ತಂದು, ಮೊಮ್ಮಗಳ ಕೈಲಿ ಒಂದೊಂದರ ಮೇಲೆ ಒಂದೊಂದು ಊರು, ಅದರ ಪಿನ್ ಕೋಡ್ ಬರೆಸಿದ್ದೆ. ಖಾಲಿ ಸ್ವೀಟ್ ಡಬ್ಬಗಳನ್ನು ಮೇಜಿನ ಮೇಲೆ ಎರಡು ಸಾಲಾಗಿ ಜೋಡಿಸಿದೆ. ಏನೂ ಹೇಳಲಿಲ್ಲ, ಕಟ್ಟನ್ನು ಅವರ ಮುಂದಿಟ್ಟು ‘ಅಣ್ಣಾ, ಇವನ್ನ ಸ್ವಲ್ಪ ನೋಡ್ತೀರಾ?’ ಅಂದೆ ಅಷ್ಟೇ.

ಅವರು ಕೂತಿದ್ದವರು ಎದ್ದು ನಿಂತರು. ಕಾಲು ಸ್ವಲ್ಪ ಅಗಲಿಸಿ, ಓಡುವ ಗಾಡಿಯಲ್ಲಿ ನಿಲ್ಲುವ ಹಾಗೆ. ಕಟ್ಟನ್ನು ಮೇಜಿಗೆ ಎರಡು ಸಲ ಕುಟ್ಟಿ ಅಂಚು ಸಮ ಮಾಡಿದರು. ತಲೆಕೆಳಗಾಗಿದ್ದ ಕಾರ್ಡುಗಳನ್ನೆಲ್ಲ ತಿರುಗಿಸಿ ಒಂದೇ ಮುಖ ಮಾಡಿಕೊಂಡರು. ಎಡಗೈ ಮೇಲೆ ಕಟ್ಟು, ಎಡ ಹೆಬ್ಬೆರಳು ಮೇಲಿನ ಕಾರ್ಡನ್ನು ಒಂದಿಷ್ಟೇ ಮುಂದೆ ತಳ್ಳುತ್ತದೆ, ಬಲಗೈ ಅದನ್ನು ಎಳೆದು ಡಬ್ಬಕ್ಕೆ ಹಾಕುತ್ತದೆ. ಕಣ್ಣು ಆಗಲೇ ಮುಂದಿನ ಕಾರ್ಡಿನ ಮೇಲೆ. ಶಿರಸಿ, ಕಾರವಾರ ಒಂದು ಡಬ್ಬಕ್ಕೆ. ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗ ಒಂದಕ್ಕೆ, ಎಲ್ಲವೂ 577. ಪಿನ್‌ನ ಮೊದಲ ಮೂರು ಅಂಕಿಯೇ ಸಾರ್ಟಿಂಗ್ ಜಿಲ್ಲೆ, ಉಳಿದ ಮೂರು ಅಲ್ಲಿನ ಪೋಸ್ಟಾಫೀಸು. ನಾನು ಇದನ್ನು ಕಲಿತದ್ದೇ ಅವತ್ತು ಅಣ್ಣನಿಂದ.

ಒಂದು ಕಾರ್ಡಿಗೆ ಕೈ ನಿಂತಿತು. ಸಾಗರ, 577201 ಅಂತಿತ್ತು. ‘ಯಾರು ಬರೆದದ್ದು ಇದು? 201 ಶಿವಮೊಗ್ಗದ್ದು. ಸಾಗರ 401’ ಅಂದರು. ಮೊಮ್ಮಗಳು ಹಿಂದಿನ ಕಾರ್ಡಿನ ನಂಬರನ್ನೇ ಇದಕ್ಕೂ ಬರೆದುಬಿಟ್ಟಿದ್ದಳು. ಪಿನ್ನೇ ಇಲ್ಲದ ಒಂದು ಕಾರ್ಡಿಗಂತೂ ಅವಳಿಗೆ ಚೆನ್ನಾಗಿ ಬೈಗುಳ ಬಿತ್ತು. ಎಷ್ಟು ಹಿತವಾದ ಬೈಗುಳ ಅಂತೀರಿ! ಬೆಳಗ್ಗೆಯಿಂದ ಎಲ್ಲರೂ ಅವರನ್ನು ತಿದ್ದುವವರೇ. ಈಗ ಅವರು ಒಬ್ಬರನ್ನು ತಿದ್ದುತ್ತಿದ್ದರು.

ಕೈ ಪಳಗಿದ ಕೆಲಸ ಮಿದುಳಿನಲ್ಲಿ ಬೇರೆ ಕಡೆ ಉಳಿದಿರುತ್ತದೆ ಅನ್ನೋದು ಹೆನ್ರಿ ಮೊಲೈಸನ್ ಅನ್ನುವವರಿಂದ ಜಗತ್ತಿಗೆ ಚೆನ್ನಾಗಿ ಗೊತ್ತಾಯಿತು. 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೂರ್ಛೆ ರೋಗಕ್ಕಾಗಿ ಅವರ ಮಿದುಳಿನ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗ ತೆಗೆದುಬಿಟ್ಟರು. ಆಮೇಲೆ ಹೊಸ ನೆನಪು ನಿಲ್ಲುವುದೇ ಹೋಯಿತು. ಬ್ರೆಂಡಾ ಮಿಲ್ನರ್ ಅನ್ನುವ ಮನಃಶಾಸ್ತ್ರಜ್ಞೆ ಮೊಲೈಸನ್‌ಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ಇದನ್ನು ಹಿಂದೆ ಮಾಡಿದ್ದೇ ನೆನಪಿಲ್ಲ ಅನ್ನುತ್ತಿದ್ದ ಮನುಷ್ಯನ ಕೈ ದಿನದಿಂದ ದಿನಕ್ಕೆ ಪಳಗುತ್ತಾ ಹೋಯಿತು. ಹೂ ಕಟ್ಟುವ ಅಜ್ಜಿಯರು, ಚಪಾತಿ ಲಟ್ಟಿಸುವವರು, ವೀಣೆ ನುಡಿಸುವವರು, ನಿಮ್ಮ ಮನೆಯವರ ಕೈಯಲ್ಲಿ ಏನಿದೆಯೋ ನೋಡಿ.

ಆದರೆ ಒಂದು ಎಚ್ಚರ. ಕಡಲೆಯನ್ನೂ ಬಟಾಣಿಯನ್ನೂ ಬೆರೆಸಿ ‘ಬೇರೆ ಮಾಡಿ’ ಅಂತ ಕೊಡುವವರಿದ್ದಾರೆ. ಬೇಕಂತಲೇ ಬೆರೆಸಿದ್ದು ಅಂತ ಅವರಿಗೆ ಗೊತ್ತಾಗುತ್ತದೆ, ಹೇಳೋಕೆ ಬರುವುದಿಲ್ಲ ಅಷ್ಟೇ. ಮರೆವು ಬಂದವರು ಮಕ್ಕಳಲ್ಲ. ಬಣ್ಣದ ಪೆನ್ಸಿಲ್ ಕೊಟ್ಟು ‘ಗುಡ್, ಗುಡ್’ ಅನ್ನುವುದು ನನಗೆ ಹಿಡಿಸಲ್ಲ.

ಸಾಯಂಕಾಲ ಕಷ್ಟದ ಹೊತ್ತು. ಬೆಳಕು ಇಳಿಯುತ್ತಿದ್ದಂತೆ ಈ ಕಾಯಿಲೆಯ ಎಷ್ಟೋ ಜನರಿಗೆ ತಳಮಳ ಶುರುವಾಗುತ್ತದೆ. ಅಣ್ಣ ತಮ್ಮ ಮನೆಯಲ್ಲೇ ಕೂತು ‘ನಡಿಯಪ್ಪ, ಮನೆಗೆ ಹೋಗೋಣ, ಹೊತ್ತಾಯ್ತು’ ಅನ್ನುತ್ತಾರೆ. ‘ಇದೇ ನಿಮ್ಮ ಮನೆ’ ಅಂತ ವಾದಕ್ಕಿಳಿದರೆ ಕೆಟ್ಟೆವು. ಬಾಯಾರಿಕೆಯಾ, ಬಾತ್‌ರೂಮಿಗೆ ಹೋಗಬೇಕಾ, ಎಲ್ಲಾದರೂ ನೋವಾ ಅಂತ ಮೊದಲು ನೋಡಬೇಕು. ಐದು ಗಂಟೆಗೇ ಎಲ್ಲ ಲೈಟು ಹಾಕಿ, ಮೂಲೆಯಲ್ಲಿ ನೆರಳು ಬೀಳದಂತೆ ಮಾಡಬೇಕು. ಅಷ್ಟಾದರೂ ಹಟ ಬಿಡದಿದ್ದರೆ ಚಪ್ಪಲಿ ಹಾಕಿಕೊಂಡು ಬೀದಿಯ ಒಂದು ಸುತ್ತು ಬಂದು ಅದೇ ಗೇಟು ತೆಗೆಯುತ್ತೇವೆ. ‘ಹ್ಞಾ, ಬಂದ್ವಿ’ ಅನ್ನುತ್ತಾರೆ. ಇನ್ನೊಂದು ಮಾತು: ನಿನ್ನೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದ ಹಾಗೆ ವಿಪರೀತ ಕಲಸಿಹೋದರೆ ಕಾಯಿಲೆ ಜಾಸ್ತಿಯಾಯಿತು ಅಂತ ಸುಮ್ಮನಿರಬೇಡಿ. ಮೂತ್ರದ ಸೋಂಕು, ಜ್ವರ, ಹೊಸ ಮಾತ್ರೆ ಏನಾದರೂ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.

ಸಾಯಂಕಾಲ ರೇಡಿಯೋ ಹಾಕುತ್ತೇವೆ. ಟಿವಿ ಬೇಡ, ಕಿರುಚಾಟ ಜಾಸ್ತಿ. ನಮ್ಮ ಮೈಸೂರು ಆಕಾಶವಾಣಿಯನ್ನು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರು. ಈ ಹೊತ್ತಿಗೆ ಇದು ಹೀಗೂ ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಿದ್ದರೆ ಅವರು ಖುಷಿಪಡುತ್ತಿದ್ದರು. ಹಳೆಯ ಹಾಡು ಬಂದರೆ ಅಣ್ಣ ಚರಣ ಪೂರ್ತಿ ಹೇಳುತ್ತಾರೆ.

ಅತ್ತಿಗೆ ಬಂದರು. ‘ಹೇಗಾಯ್ತು ಮಂಡ್ಯ?’ ಅಂದೆ. ‘ಊಟ ಮಾಡಿ ಮಲಗಿದೋಳು ನಾಲ್ಕು ಗಂಟೆಗೆ ಎದ್ದೆ. ತಂಗಿ ಹತ್ರ ಮಾತೇ ಆಡ್ಲಿಲ್ಲ’ ಅಂದರು. ಮಾತಾಡೋಕೆ ಹೋದವರಲ್ಲ, ನಿದ್ದೆ ಮಾಡೋಕೆ ಹೋದವರು. ರಾತ್ರಿ ಅಣ್ಣ ಏಳುತ್ತಾರೆ, ಬಾಗಿಲ ಚಿಲಕ ತೆಗೆಯುತ್ತಾರೆ, ಅದಕ್ಕೆ ಅತ್ತಿಗೆಯ ಕಿವಿ ಮಲಗುವುದೇ ಇಲ್ಲ. ಇಂಥ ಮನೆಗಳಿಗೆ ಹೋಗುವವರು ಬಾದಾಮಿ ಕೊಡಿ, ಬ್ರಾಹ್ಮಿ ಕೊಡಿ, ಪದಬಂಧ ಮಾಡಿಸಿ ಅಂತ ಸಲಹೆ ಕೊಟ್ಟು ಎದ್ದು ಬರುತ್ತಾರೆ. ಮನೆಯವರಿಗೆ ಬೇಕಿರುವುದು ಸಲಹೆಯಲ್ಲ, ಒಂದು ಮಧ್ಯಾಹ್ನ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬರು ಕೇಳಿದರು: ಹೆಚ್ಚು ಭಾಷೆ ಗೊತ್ತಿದ್ದರೆ ಈ ಕಾಯಿಲೆ ಬರಲ್ಲವಂತೆ, ಹೌದಾ?

ಬರಲ್ಲ ಅಂತ ಯಾರೂ ಹೇಳಿಲ್ಲ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣ ಅಲ್ಲಾಡಿಯವರು ಮತ್ತು ಜೊತೆಗಾರರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದರು. ಒಂದೇ ಭಾಷೆ ಆಡುವವರಿಗಿಂತ ಎರಡು ಮೂರು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಇಲ್ಲದವರಲ್ಲೂ ಈ ವ್ಯತ್ಯಾಸ ಇತ್ತು. ತಡವಾಗುವುದೂ ಲಾಭವೇ. ಅಣ್ಣ ಕನ್ನಡ, ತಮಿಳು, ಉರ್ದು ಮೂರೂ ಆಡುವವರು. ಆದರೂ ಬಂತು.

ಇನ್ನೊಬ್ಬರು: ನೋಡಿಕೊಳ್ಳೋಕೆ ಮನೆಯಲ್ಲಿ ಯಾರೂ ಇಲ್ಲದಿದ್ದರೆ?

ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್‌ನಲ್ಲಿ ವಯಸ್ಸಾದವರಿಗೆಂದೇ ವಿಭಾಗವಿದೆ, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರು ಡಿಮೆನ್ಶಿಯಾ ಕೇಂದ್ರ ನಡೆಸುತ್ತಾರೆ. ಎಲ್ಲಿದ್ದರೂ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು.

ಹಿಂದಿನ ಸಾಲಿನಿಂದ ಒಬ್ಬ ಮೇಷ್ಟ್ರು: ನನ್ನ ಗೆಳೆಯ ಈಗ ಮಾತೇ ಆಡಲ್ಲ. ಹೋಗಿ ಏನು ಮಾಡಲಿ?

ಪಕ್ಕದಲ್ಲಿ ಕೂತು ಪೇಪರ್ ಓದಿ, ಜೋರಾಗಿ. ಉಗುರು ಕತ್ತರಿಸಿ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ. ಸುಮ್ನೆ ಕೂತರೂ ನಡೆಯುತ್ತದೆ, ಆದರೆ ಅವರ ಎದುರಿಗೆ ಅವರ ಬಗ್ಗೆಯೇ ಮೂರನೆಯವರ ಹತ್ತಿರ ಮಾತಾಡಬೇಡಿ. ಹೋಗುವ ಮುಂಚೆ ಮನೆಯವರಿಗೆ ಫೋನ್ ಮಾಡಿ. ‘ಏನಾದ್ರೂ ಬೇಕಿದ್ರೆ ಹೇಳಿ’ ಅನ್ನಬೇಡಿ, ಯಾರೂ ಹೇಳುವುದಿಲ್ಲ. ‘ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಬರ್ತೀನಿ, ಸಾಯಂಕಾಲದವರೆಗೂ ಇರ್ತೀನಿ, ನೀವು ಎಲ್ಲಿಗಾದ್ರೂ ಹೋಗಿಬನ್ನಿ’ ಅನ್ನಿ. ಬೇಡ ಬೇಡ ಅನ್ನುತ್ತಾರೆ. ಆದರೂ ಹೋಗಿ.